ಬಡಗಿಯ ಮಗಳ ಗಾಡಿ

"ತಪ್ಪನ್ನ ತಿದ್ದೋದೂ ತಪ್ಪಾ ಬುದ್ಧಿ?" ಎಂದು ಗುರುಮಲ್ಲಪ್ಪ ಕೇಳಿದ.

ಅವನು ದರ್ಜಿ. ವಾರಕ್ಕೊಮ್ಮೆ ಅಂಗಡಿಗೆ ಬೀಗ ಹಾಕಿ ಮಠಕ್ಕೆ ಬಂದು, ಗುರುಗಳ ಎದುರು ಚಾಪೆಯ ಮೇಲೆ ಸ್ವಲ್ಪ ಹೊತ್ತು ಕುಳಿತು ಹೋಗುವವನು. ಅಂದು ಅವನ ಮುಖ ಸಪ್ಪಗಿತ್ತು. ಏನಾಯಿತೆಂದು ಗುರುಗಳು ಕೇಳುವುದಕ್ಕೂ ಅವನು ಕಾಯಲಿಲ್ಲ.

"ನನ್ನ ಮಗಳು ಚಿಂದಿ ಬಟ್ಟೆ ಆಯ್ಕೊಂಡು ಬೊಂಬೆಗೆ ಅಂಗಿ ಹೊಲೀತಾಳೆ. ಮೊದಲು ಹೊಲಿದಿದ್ದನ್ನೆಲ್ಲ ತಂದು ತೋರ್ಸೋಳು. ಹೊಲಿಗೆ ಸೊಟ್ಟಗಿದ್ರೆ ಬಿಚ್ಚಿ, ಹಿಂಗಲ್ಲ ಕಣವ್ವ ಹಿಂಗೆ ಅಂತ ನಾನೇ ಹೊಲಿದು ಕೊಡ್ತಿದ್ದೆ. ಒಂದಿನಾನೂ ಬೈದವನಲ್ಲ, ಹೊಡೆದವನಲ್ಲ. ಈಗ ನಾನು ಹೊಸಿಲು ದಾಟಿದ್ರೆ ಸಾಕು, ಕೈಯಲ್ಲಿರೋದನ್ನ ಲಂಗದ ಕೆಳಗೆ ಮುಚ್ಚಿಟ್ಕೋತಾಳೆ. ನಾನೇನು ಮಾಡಬಾರದ್ದು ಮಾಡ್ದೆ ಬುದ್ಧಿ?"

ಗುರುಗಳು ಅದಕ್ಕೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಕೆಲಸವೆಂದರೆ ಅವನ ಕೆಲಸ. ಅವನು ಕೂರಿಸಿದ ಬಾಗಿಲು ಮಳೆಗಾಲದಲ್ಲಿ ಬಿಗಿಯುತ್ತಿರಲಿಲ್ಲ, ಬೇಸಿಗೆಯಲ್ಲಿ ಸಂದು ಬಿಡುತ್ತಿರಲಿಲ್ಲ. ಸೊಟ್ಟಗಿರುವುದನ್ನು ಕಂಡರೆ ಮಾತ್ರ ಅವನಿಗೆ ತಡೆಯುತ್ತಿರಲಿಲ್ಲ. ನೆಂಟರ ಮನೆಗೆ ಊಟಕ್ಕೆ ಹೋದರೂ ಅವನ ಕಣ್ಣು ಎಲೆಯ ಮೇಲೆ ಇರುತ್ತಿರಲಿಲ್ಲ, ಎದುರಿನ ಕಿಟಕಿಯ ಮೇಲೆ ಇರುತ್ತಿತ್ತು. ಉಂಡು ಕೈ ತೊಳೆದವನೇ ಸುತ್ತಿಗೆ ಇದೆಯೇ ಎಂದು ಕೇಳುತ್ತಿದ್ದ. ನೆಂಟರೇನು ದಡ್ಡರೇ? ಬಾಗಿಲು ಕಿಟಕಿ ಕೆಟ್ಟಾಗಲೆಲ್ಲ ಅವನನ್ನು ಊಟಕ್ಕೆ ಕರೆಯುತ್ತಿದ್ದರು.

ಅವನಿಗೆ ಒಬ್ಬಳೇ ಮಗಳು, ಬಹಳ ಕಾಲದ ಮೇಲೆ ಹುಟ್ಟಿದವಳು. ಅಪ್ಪನ ಕೆಲಸದ ಚಪ್ಪರದಲ್ಲೇ ಬೆಳೆದಳು. ಅವಳಿಗೆ ಆಟದ ಸಾಮಾನು ಬೇಡ, ಸುತ್ತಿಗೆ ಬೇಕು. ಬಿದ್ದಿದ್ದ ತುಂಡು ಮರವನ್ನು ಎತ್ತಿಕೊಂಡು ಮೊಳೆ ಹೊಡೆಯಲು ಕೂರುತ್ತಿದ್ದಳು. ಬಡಗಿಗೆ ಹಿಗ್ಗು. ಹಿಗ್ಗಿದರೇನು ಬಂತು, ಮೊಳೆ ಸೊಟ್ಟಗಾದ ಕೂಡಲೇ ಅವನ ಕೈ ಮುಂದೆ ಬರುತ್ತಿತ್ತು.

"ಕೊಡವ್ವ ಇಲ್ಲಿ" ಎನ್ನುತ್ತಿದ್ದ.

ಸೊಟ್ಟ ಮೊಳೆಯನ್ನು ಕೀಳುತ್ತಿದ್ದ, ನೆಟ್ಟಗೆ ಹೊಡೆದು ಅವಳಿಗೇ ಹಿಂದಿರುಗಿಸುತ್ತಿದ್ದ. ಸಿಟ್ಟಿನಿಂದಲ್ಲ, ಮುದ್ದಿನಿಂದಲೇ. ಮಗಳು ಅದನ್ನು ಒಂದಿಷ್ಟು ಹೊತ್ತು ನೋಡಿ, ಅಲ್ಲೇ ಇಟ್ಟು, ಎದ್ದು ಹೋಗುತ್ತಿದ್ದಳು. ಆಡಿ ಸಾಕಾಗಿರಬೇಕು ಎಂದುಕೊಂಡು ಅವನು ತನ್ನ ಕೆಲಸಕ್ಕೆ ತಿರುಗುತ್ತಿದ್ದ.

ಬರಬರುತ್ತಾ ಅವಳು ಚಪ್ಪರದಲ್ಲಿ ಕೂರುವುದನ್ನೇ ಬಿಟ್ಟಳು. ಆಗೊಮ್ಮೆ ಈಗೊಮ್ಮೆ ಬಂದು, "ಈ ತುಂಡು ನಿಂಗೆ ಬೇಕಾ ಅಪ್ಪ?" ಎಂದು ಕೇಳುತ್ತಿದ್ದಳು. ಒಲೆಗೆ ಇರಬೇಕೆಂದು ಅವನು ತಲೆ ಎತ್ತದೆಯೇ "ತಗೊ" ಎನ್ನುತ್ತಿದ್ದ.

ಒಂದು ಮಳೆಗಾಲ ಊರಿಗೆ ಜ್ವರ ಬಂತು. ಮನೆಮನೆಯಲ್ಲೂ ಮಕ್ಕಳು ಮಲಗಿದವು, ಎದ್ದವು. ಬಡಗಿಯ ಮಗಳು ಮಲಗಿದಳು, ಏಳಲಿಲ್ಲ.

ಅವಳ ಬಟ್ಟೆಬರೆಯನ್ನೆಲ್ಲ ಹಿರಿಯರು ಅವಳ ಜೊತೆಯಲ್ಲೇ ಕಳಿಸಿಬಿಟ್ಟರು. ಬೆಳೆಯುವ ಮಗು, ಮುಂದೆ ತೆಗೆಸಿದರಾಯಿತು ಎಂದು ಒಂದು ಫೋಟೋ ಕೂಡ ತೆಗೆಸಿರಲಿಲ್ಲ. ಮನೆಯಲ್ಲಿ ಹುಡುಕಿದರೂ ಅವಳದೆಂದು ಕೈಗೆ ಸಿಗುವಂಥದ್ದು ಏನೂ ಇರಲಿಲ್ಲ. ಹೆಂಡತಿ ಒಲೆಯ ಮುಂದೆ ಕೂತರೆ ಕೂತೇ ಇರುತ್ತಿದ್ದಳು. ಒಲೆ ಆರಿದ್ದೂ ಅವಳಿಗೆ ತಿಳಿಯುತ್ತಿರಲಿಲ್ಲ. ಚಪ್ಪರದಲ್ಲಿ ಸುತ್ತಿಗೆಯ ಸದ್ದು ನಿಂತುಹೋಯಿತು. ಕೆಲಸ ಕೊಟ್ಟವರು ಬಂದು, ಜಗುಲಿಯ ಮೇಲೆ ಕೂತು, ಕೇಳುವುದಕ್ಕೆ ಬಾಯಿ ಬಾರದೆ ಎದ್ದು ಹೋಗುತ್ತಿದ್ದರು.

ಒಂದು ದಿನ ಹೆಂಡತಿ ಹಾಸಿಗೆ ಬಿಟ್ಟು ಏಳಲೇ ಇಲ್ಲ. ಸೌದೆ ತರಲು ಬಡಗಿಯೇ ಹಿತ್ತಲಿಗೆ ಹೋದ. ಸೌದೆಯ ಒಟ್ಟಿಲಿನ ಹಿಂದೆ ಗೋಣಿಚೀಲ ಹೊದಿಸಿದ್ದು ಏನೋ ಇತ್ತು. ಸರಿಸಿ ನೋಡಿದ. ಗಾಡಿ.

ಮಕ್ಕಳು ಕೂತು ಇಳಿಜಾರಿನಲ್ಲಿ ಜಾರಿಕೊಂಡು ಹೋಗುವ ಬೇರಿಂಗ್ ಗಾಡಿ. ಕೂರಲು ಒಂದು ಮಾವಿನ ಹಲಗೆ. ಹಿಂದೆ ಒಂದು ಅಡ್ಡಮರ, ಮುಂದೆ ಒಂದು ಅಡ್ಡಮರ. ಚಕ್ರದ ಬದಲು ಗ್ಯಾರೇಜಿನವನು ಎಸೆದ ಹಳೆಯ ಬೇರಿಂಗುಗಳು. ತಿರುಗಿಸುವುದಕ್ಕೆ ಅವ್ವನ ಹರಿದ ಸೀರೆಯ ಅಂಚನ್ನು ಹೆಣೆದು ಮಾಡಿದ ಹುರಿ. ಹಲಗೆಯ ಮೇಲೆ ಇದ್ದಿಲಿನಿಂದ ಎಳೆದ ಗೆರೆಗಳು. ಒಂದು ಗೆರೆಯೂ ನೆಟ್ಟಗಿರಲಿಲ್ಲ, ಒಂದು ಮೊಳೆಯೂ ನೆಟ್ಟಗಿರಲಿಲ್ಲ. ಅದು ಯಾರ ಕೈಯದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಬೇರಿಂಗಿನ ಸಂದಿಯಲ್ಲಿ ಕೆಮ್ಮಣ್ಣು ಒಣಗಿ ಕೂತಿತ್ತು. ಆ ಊರಿನಲ್ಲಿ ಕೆಮ್ಮಣ್ಣು ಇದ್ದದ್ದು ಕೆರೆ ಏರಿಯ ಇಳಿಜಾರಿನಲ್ಲಿ ಮಾತ್ರ. ಅಂದರೆ ಅವಳು ಗಾಡಿ ಓಡಿಸಿದ್ದಳು. ಮೇಲಿನಿಂದ ಕೆಳಗಿನವರೆಗೆ ಕೂಗುತ್ತಾ, ನಗುತ್ತಾ ಬಂದಿದ್ದಳು. ಇಷ್ಟೆಲ್ಲ ಆಗಿದ್ದು ಅಪ್ಪನಾದ ಅವನಿಗೆ ಗೊತ್ತೇ ಇರಲಿಲ್ಲ. ಬಡಗಿ ಗಾಡಿಯನ್ನು ಅಪ್ಪಿಕೊಂಡು ಅತ್ತ. ಮಗಳು ಹೋದ ಮೇಲೆ ಅವನು ಅತ್ತದ್ದು ಅದೇ ಮೊದಲು.

ಇದನ್ನು ಹೆಂಡತಿಯ ಕೈಗೆ ಕೊಡಬೇಕು ಎಂದು ಅವನಿಗೆ ಅನ್ನಿಸಿತು. ಕೂಸು ಮಾಡಿದ್ದು, ಕೂಸು ಮುಟ್ಟಿದ್ದು. ಇದನ್ನು ಮಡಿಲಲ್ಲಿ ಇಟ್ಟುಕೊಂಡಾದರೂ ಅವಳು ಬದುಕಿಕೊಳ್ಳುತ್ತಾಳೆ. ಹಾಗೆಂದುಕೊಂಡು ಎತ್ತಿದ. ಮುಂದಿನ ಒಂದು ಚಕ್ರ ಕಳಚಿ ಕೆಳಗೆ ಬಿತ್ತು.

ಚಕ್ರ ಕಳಚಿದ ಗಾಡಿಯನ್ನು ತಾಯಿಗೆ ಹೇಗೆ ಕೊಡುವುದು? ಇದೊಂದನ್ನು ಬಿಗಿ ಮಾಡಿ ಕೊಡುತ್ತೇನೆ ಎಂದುಕೊಂಡ. ಇಷ್ಟೇ.

ಗಾಡಿಯನ್ನು ಚಪ್ಪರಕ್ಕೆ ತಂದ. ಚಕ್ರ ಬಿಗಿ ಮಾಡಲು ಹೋದರೆ ಅಡ್ಡಮರ ಸೀಳಿಕೊಂಡಿತ್ತು. ಅದನ್ನು ಬಿಚ್ಚಿ ಹೊಸದು ಹಾಕಿದ. ಮುಂದಿನದು ನೆಟ್ಟಗಾದ ಮೇಲೆ ಹಿಂದಿನದು ಸೊಟ್ಟಗಿರುವುದು ಕಣ್ಣಿಗೆ ಬಿತ್ತು. ಅದನ್ನೂ ಬದಲಾಯಿಸಿದ. ಎರಡೂ ನೆಟ್ಟಗಾದ ಮೇಲೆ ಹಲಗೆ ಓರೆಯಾಗಿ ಕಂಡಿತು. ಉಜ್ಜುಗೊರಡು ಹಾಕಿ ಉಜ್ಜಿದ. ಇದ್ದಿಲಿನ ಗೆರೆಗಳು ಸುರುಳಿಸುರುಳಿಯಾಗಿ ಹೋದವು. ಉಜ್ಜಿದ ಮೇಲೆ ಹಲಗೆಯ ಬಿರುಕು ಕಾಣಿಸಿತು. ಯಾರದೋ ಮನೆಯ ದೇವರ ಮಂಟಪಕ್ಕೆಂದು ಇಟ್ಟಿದ್ದ ಹಲಸಿನ ಹಲಗೆಯನ್ನೇ ತೆಗೆದು ಅದರ ಜಾಗಕ್ಕೆ ಕೂರಿಸಿದ. ಮಗಳಿಗೆ ತಾನೆ, ಇರಲಿ ಎಂದುಕೊಂಡ. ಸೀರೆಯ ಹುರಿ ತಾಳುವುದಿಲ್ಲವೆಂದು ಗಟ್ಟಿ ಹಗ್ಗ ಕಟ್ಟಿದ. ಬೇರಿಂಗುಗಳಿಗೆ ತುಕ್ಕು ಹಿಡಿದಿತ್ತು. ಗ್ಯಾರೇಜಿಗೆ ಒಯ್ದು, ಹಳೆಯವನ್ನು ಅಲ್ಲೇ ಬಿಟ್ಟು, ಒಳ್ಳೆಯವನ್ನು ತಂದ. ಕಿತ್ತ ಮೊಳೆಗಳನ್ನು ಒಂದೊಂದಾಗಿ ಬಡಿದು ನೆಟ್ಟಗೆ ಮಾಡಿ ಡಬ್ಬಕ್ಕೆ ಹಾಕಿದ. ಮೊಳೆ ಎಸೆಯುವುದು ಅವನಿಂದ ಆಗದ ಕೆಲಸ.

ಹೇಳಿದರೆ ನಂಬುವುದು ಕಷ್ಟ, ಅವು ಅವನ ಒಳ್ಳೆಯ ದಿನಗಳು. ಕೆಲಸ ಮಾಡುತ್ತಾ ಮಗಳ ಜೊತೆ ಮಾತಾಡುತ್ತಿದ್ದ. "ನೋಡ್ದಾ, ಮರದ ಎಳೆ ಹೆಂಗಿದೆಯೋ ಹಂಗೇ ಹೋಗ್ಬೇಕು. ಅವಸರ ಮಾಡ್ಬಾರ್ದು" ಎನ್ನುತ್ತಿದ್ದ. ಅವಳು ಪಕ್ಕದಲ್ಲೇ ಕೂತು ಕೇಳುತ್ತಿದ್ದಾಳೆ ಎನ್ನಿಸುತ್ತಿತ್ತು. ಬದುಕಿದ್ದಾಗ ಅವಳು ಅಷ್ಟು ಹೊತ್ತು ಕೂತು ಕೇಳಿದ್ದೇ ಇಲ್ಲ.

ಸುತ್ತಿಗೆಯ ಸದ್ದು ಕೇಳಿ ಹೆಂಡತಿಗೂ ಜೀವ ಬಂದಂತಾಯಿತು. ಗಂಡ ಕೆಲಸಕ್ಕೆ ಕೂತನಲ್ಲ ಎಂದು ಅವಳೂ ಎದ್ದಳು. ಮೊದಲು ಮಾಡುತ್ತಿದ್ದಂತೆ ಸಂಜೆ ಚಪ್ಪರ ಗುಡಿಸಿ, ಚೂರು ಪಾರು ಆಯ್ದು ಬುಟ್ಟಿಗೆ ತುಂಬಿಕೊಂಡು ಹೋಗಿ, ಬಚ್ಚಲ ಒಲೆ ಉರಿಸಿ ಗಂಡನಿಗೆ ನೀರು ಕಾಯಿಸಿದಳು. ಗೋಣಿ ಮುಚ್ಚಿಟ್ಟಿದ್ದು ಏನೆಂದು ಕೇಳಿದಳು. "ಈಗ್ಲೇ ನೋಡ್ಬೇಡ, ಮುಗಿದ ಮೇಲೆ ನಾನೇ ತೋರಿಸ್ತೀನಿ" ಎಂದ. ಅವಳು ನೋಡಲಿಲ್ಲ. ಆ ಮನೆ ಚೇತರಿಸಿಕೊಂಡಿತು ಎಂದು ಅಕ್ಕಪಕ್ಕದವರು ಮಾತಾಡಿಕೊಂಡರು.

ಗಾಡಿ ಮುಗಿಯಿತು. ಎಣ್ಣೆ ಒರೆಸಿ ಅಂಗಳಕ್ಕೆ ತಂದು ಹೆಂಡತಿಯನ್ನು ಕರೆದ. ಒಂದು ಬೆರಳಿನಿಂದ ತಳ್ಳಿದ. ಗಾಡಿ ಸದ್ದು ಮಾಡದೆ, ಒಂದಿಷ್ಟೂ ವಾಲದೆ ಹೋಗಿ ಅವಳ ಕಾಲ ಬಳಿ ನಿಂತಿತು.

"ಚೆನ್ನಾಗದೆ. ಯಾರು ಮಾಡಕ್ಕೆ ಕೊಟ್ಟಿದ್ರು?" ಎಂದಳು.

"ಯಾರೂ ಕೊಟ್ಟಿದ್ದಲ್ಲ. ನಮ್ಮ ಕೂಸು ಮಾಡಿದ್ದು ಕಣೆ. ಸೌದೆ ಹಿಂದೆ ಬಚ್ಚಿಟ್ಟಿತ್ತು."

ಹೆಂಡತಿ ಗಾಡಿಯ ಎದುರು ಕೂತಳು. ಎರಡೂ ಕೈ ಚಾಚಿದಳು. ಚಾಚಿದ ಕೈ ಗಾಡಿಯನ್ನು ಮುಟ್ಟದೆ ಹಾಗೇ ನಿಂತಿತು.

"ಇದ್ರಲ್ಲಿ ಕೂಸು ಮಾಡಿದ್ದು ಯಾವ್ದು? ತೋರ್ಸಿ, ಅದನ್ನ ಮುಟ್ತೀನಿ" ಎಂದಳು.

ಬಡಗಿ ತೋರಿಸಲು ಬಗ್ಗಿದ. ಹಲಗೆಯ ಮೇಲೆ ಬೆರಳಿಟ್ಟ, ತೆಗೆದ. ಅಡ್ಡಮರದ ಮೇಲೆ ಇಟ್ಟ, ತೆಗೆದ. ಹಗ್ಗ ಮುಟ್ಟಿದ, ಚಕ್ರ ಮುಟ್ಟಿದ. ಗಾಡಿಯನ್ನು ಮಗುಚಿ ಅಡಿಯನ್ನೂ ನೋಡಿದ. ಅವನ ಬೆರಳಿಗೆ ನಿಲ್ಲಲು ಜಾಗ ಸಿಗಲಿಲ್ಲ.

ಎದ್ದು ಚಪ್ಪರಕ್ಕೆ ಓಡಿದ. ನೆಲ ಗುಡಿಸಿ ಚೊಕ್ಕಟವಾಗಿತ್ತು.

"ಇಲ್ಲಿದ್ದ ಹಳೇ ಹಲಗೆ, ತುಂಡು, ಸೀರೆ ಹುರಿ, ಎಲ್ಲಿ?"

"ಒಲೆಗೆ ಹಾಕ್ದೆ. ದಿನಾ ನೀವು ಮೀಯ್ತಿದ್ದ ನೀರು ಅದ್ರಲ್ಲೇ ಕಾಯಿಸಿದ್ದು" ಎಂದಳು ಹೆಂಡತಿ. ಆಡಿದ ಮೇಲೆ ತಾನು ಏನು ಆಡಿದೆ ಎಂದು ಅವಳಿಗೆ ತಿಳಿಯಿತು. ಅವಳು ಚೀರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, "ಕೂಸಿಂದು ಅಂತ ಒಂದು ಮಾತು ಯಾಕೆ ಹೇಳ್ಲಿಲ್ಲ ನೀವು?" ಎಂದಷ್ಟೇ ಕೇಳಿದಳು.

ಅವನು ಗ್ಯಾರೇಜಿಗೆ ಓಡಿದ. ಹಳೆಯ ಬೇರಿಂಗುಗಳು ಗುಜರಿಯವನ ಗಾಡಿಯಲ್ಲಿ ಹೋಗಿಯಾಗಿತ್ತು. ಬಂದು ಮೊಳೆಯ ಡಬ್ಬವನ್ನು ನೆಲಕ್ಕೆ ಸುರಿದ. ಅವಳ ಮೊಳೆಗಳು ಅದರಲ್ಲೇ ಇದ್ದವು, ಸುಳ್ಳಲ್ಲ. ಆದರೆ ಎಲ್ಲವೂ ನೆಟ್ಟಗಿದ್ದವು. ಅವಳದು ಯಾವುದು, ತನ್ನದು ಯಾವುದು ಎಂದು ಗುರುತಿಸಲು ಆಗಲಿಲ್ಲ.

ಆಗ ಅವನು ಒಂದು ತುಂಡು ಮರ ಎಳೆದುಕೊಂಡ. ಅವಳು ಹೊಡೆದ ಹಾಗೆ ಒಂದು ಮೊಳೆ ಹೊಡೆದು ಅವಳ ಅವ್ವನಿಗಾದರೂ ತೋರಿಸುತ್ತೇನೆ ಎಂದು ಸುತ್ತಿಗೆ ಹಿಡಿದ. ಅವಳು ಹಿಡಿಯುತ್ತಿದ್ದಂತೆ ಹಿಡಿಯ ತುದಿಯಲ್ಲಿ ಹಿಡಿದ. ಮೊಳೆ ನೆಟ್ಟಗೆ ಇಳಿಯಿತು. ಎಡಗೈಯಲ್ಲಿ ಹೊಡೆದ. ನೆಟ್ಟಗೆ ಇಳಿಯಿತು. ಕಣ್ಣು ಮುಚ್ಚಿಕೊಂಡು ಹೊಡೆದ. ಆಗಲೂ ನೆಟ್ಟಗೇ ಇಳಿಯಿತು. ಬೇಕೆಂದೇ ಒಂದನ್ನು ಬಗ್ಗಿಸಿದ. ಅದು ಬಗ್ಗಿಸಿದ ಮೊಳೆಯಾಗಿತ್ತು, ಅವಳದಾಗಿರಲಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಡಬ್ಬದ ಮೊಳೆ ಮುಗಿಯುವವರೆಗೂ ಅವನು ಹೊಡೆಯುತ್ತಲೇ ಇದ್ದ.

ಗುರುಗಳು ಕತೆ ನಿಲ್ಲಿಸಿದರು.

ಗುರುಮಲ್ಲಪ್ಪನ ಕಣ್ಣು ತುಂಬಿತ್ತು. ಅವನಿಗೆ ಮಗಳ ಲಂಗ ನೆನಪಾಯಿತು. ಅದರ ಕೆಳಗೆ ಹೋದ ಪುಟ್ಟ ಕೈ ನೆನಪಾಯಿತು.

"ತಿಳೀತು ಬುದ್ಧಿ. ಈಗ್ಲೇ ಮನೆಗೆ ಹೋಗ್ತೀನಿ. ಏನು ಬಚ್ಚಿಟ್ಟಿದಾಳೋ ಕೇಳಿ ಇಸ್ಕೊಂಡು, ಒಂದ್ಸಲ ಕಣ್ತುಂಬ ನೋಡ್ತೀನಿ" ಎಂದ.

ಗುರುಗಳು ಅವನ ಮುಖ ನೋಡುತ್ತಿರಲಿಲ್ಲ. ಚಾಪೆಯ ಅಂಚಿನಲ್ಲಿ ಒಂದು ಎಳೆ ಬಿಟ್ಟುಕೊಂಡಿತ್ತು. ಮಾತಾಡುತ್ತಿರುವಾಗಲೇ ಗುರುಮಲ್ಲಪ್ಪನ ಬೆರಳುಗಳು, ಅವನಿಗೇ ತಿಳಿಯದೆ, ಆ ಎಳೆಯನ್ನು ಮತ್ತೆ ಹೆಣಿಗೆಯ ಒಳಗೆ ಸೇರಿಸುತ್ತಿದ್ದವು.

"ನೋಡಿದ ಮೇಲೆ ಈ ಕೈ ಸುಮ್ಮನಿರುತ್ತದೇನಪ್ಪ?" ಎಂದರು ಗುರುಗಳು.