ಜನರೇಟರಿಗೆ ಪೇಟ ಇಟ್ಟ ಬೋರಲಿಂಗ

ಹೂಂಗುಟ್ಟೋರು ಇದ್ದರೆ ಹೇಳ್ತೀನಿ, ಇಲ್ಲದಿದ್ದರೆ ಎದ್ದು ಹೋಗ್ತೀನಿ. ಕೊಳ್ಳೇಗಾಲದ ಕಡೆ ಒಂದೂರಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳು ಮೈಕ್‌ಸೆಟ್ ಬಾಡಿಗೆಗೆ ಕೊಡೋಳು. ಗಂಡ ಸಾಯೋವಾಗ ಅವಳಿಗೆ ಬಿಟ್ಟುಹೋದದ್ದು ಒಂದು ಹಳೇ ಮೈಕ್‌ಸೆಟ್ಟು, ಒಬ್ಬ ಮಗ ಬೋರಲಿಂಗ. ಮೈಕ್‌ಸೆಟ್ಟನ್ನಾದರೂ ರಿಪೇರಿ ಮಾಡಿಸಬಹುದಿತ್ತು. ಮಗನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರೀಲಿತ್ತು.

ಆ ಊರ ಪಾರ್ಕಲ್ಲಿ ಒಂದು ನಗೆಕೂಟ. ಭಾನುವಾರ ಬೆಳಗಾದರೆ ದೊಡ್ಡಮನುಷ್ಯರೆಲ್ಲ ಸೇರಿ, ಆರೋಗ್ಯಕ್ಕೆ ಒಳ್ಳೇದಂತ ಕೈ ಮೇಲೆತ್ತಿ ಹೊಹೊ ಹಹಹ ಅನ್ನೋರು. ಮೈಕ್ ಹಿಡಿದು ನಗಿಸೋರು ಕೂಟದ ಅಧ್ಯಕ್ಷರು, ರಿಟೈರ್ಡ್ ಹೆಡ್‌ಮಾಸ್ತರು ಗುರುಮಲ್ಲಪ್ಪನವರು. ಅವರು ನಿಜವಾಗಿ ನಕ್ಕಿದ್ದನ್ನ ಅವರ ಹೆಂಡತೀನೂ ಕಂಡಿರಲಿಲ್ಲ. ಚಿಕ್ಕತಾಯಮ್ಮನ ಒಲೆ ಉರೀತಿದ್ದದ್ದು ಈ ಕೂಟದ ಬಾಡಿಗೆಯಿಂದಲೇ.

ಒಂದು ವಾರ ಅವ್ವ ಹೇಳಿದಳು: "ಚಾರ್ಜಿಗೆ ಕೊಟ್ಟಿರೋ ಬ್ಯಾಟರಿ ಹೊತ್ಕೊಂಡು ಬಾರ್ಲಾ."

ಹೊತ್ಕೊಂಡೇ ಬಂದ, ಅಕ್ಕಿ ಮೂಟೆ ಹೊತ್ತಂಗೆ ಬೆನ್ನ ಮೇಲೆ ಮಕಾಡೆ ಮಲಗಿಸಿಕೊಂಡು. ಆಸಿಡ್ಡೆಲ್ಲ ಸೋರಿ ಅಂಗಿ ಜರಡಿಯಾಗಿತ್ತು.

"ಅಯ್ಯೋ ನನ್ನ ಕರ್ಮವೇ. ಎಳೇ ಮಗೀನಂಗೆ ಎದೆಗೆ ಅವುಚ್ಕೊಂಡು ಬರಬೇಕು ಕಣ್ಲಾ!"

"ಆಯ್ತು ಕಣವ್ವ, ಇನ್ನೊಂದು ಸಲ ಹಂಗೇ ಮಾಡ್ತೀನಿ."

ಮುಂದಿನ ವಾರ ತರಬೇಕಿದ್ದದ್ದು ರಿಪೇರಿಯಾದ ಸ್ಪೀಕರ್. ಕೆಳಗೆ ಚಕ್ರ, ಮೇಲೆ ಹಿಡಿ. ಬೋರಲಿಂಗ ಅದನ್ನ ಎದೆಗೆ ಅವುಚ್ಕೊಂಡ. ನಡುನಡುವೆ ನಿಂತು ಜೋಜೋ ಅಂತ ತೂಗಿದ. ಪಾರ್ಕಿಗೆ ಬಂದಾಗ ಕೂಟ ಮುಗಿದು ಎಲ್ಲರೂ ಇಡ್ಲಿ ತಿಂತಿದ್ದರು.

"ಥೂ ನಿನ್ನ. ಹಗ್ಗ ಕಟ್ಟಿ ದರದರ ಎಳ್ಕೊಂಡು ಬರೋಕೆ ಏನಾಗಿತ್ತು?"

"ಆಯ್ತು ಕಣವ್ವ, ಇನ್ನೊಂದು ಸಲ ಹಂಗೇ ಮಾಡ್ತೀನಿ."

ಅದರ ಮುಂದಿನ ವಾರ ಆಂಪ್ಲಿಫೈಯರ್. ಅದಕ್ಕೆ ಚಕ್ರ ಇಲ್ಲ. ಇಲ್ಲದಿದ್ದರೇನು, ಹಗ್ಗ ಇತ್ತಲ್ಲ. ದರದರ ಎಳ್ಕೊಂಡು ಬಂದ. ಉದುರಿದ ತಿರುಪುಗಳನ್ನ ಬೀದಿ ಐಕಳು ಆಯ್ಕೊಂಡು ಹಿಂದೆ ಬಂದವು.

ಗುರುಮಲ್ಲಪ್ಪನವರು ಮೆತ್ತಗೆ ಹೇಳಿದರು: "ತಾಯಮ್ಮ, ಬರೋ ವಾರ ನಮ್ಮ ವಾರ್ಷಿಕೋತ್ಸವ. ಅವತ್ತೂ ಹಿಂಗಾದರೆ ಬೇರೆ ಸೆಟ್ಟು ನೋಡ್ಕೋತೀವಿ."

ಚಿಕ್ಕತಾಯಮ್ಮ ಮನೆಗೆ ಬಂದವಳೇ ಮಗನ್ನ ಕೂರಿಸಿಕೊಂಡು ಹೇಳಿದಳು: "ಇಂಥಾ ಸಾಮಾನಿಗೆ ಧೂಳು ಮುಟ್ಟಬಾರದು ಕಣಪ್ಪ. ಕಂಬಳಿ ಸುತ್ತಿ ಬಿಗಿಯಾಗಿ ಕಟ್ಟಬೇಕು."

ವಾರ್ಷಿಕೋತ್ಸವ ಬಂತು. ಶಾಮಿಯಾನ ಎದ್ದಿತು, ಜನವೋ ಜನ! ಕರೆಂಟು ಮಾತ್ರ ಇಲ್ಲ. ಅವ್ವ ಎಲ್ಲಿಂದಲೋ ಜನರೇಟರ್ ತಂದು ಗುಡುಗುಡು ಅನ್ನಿಸಿ, ಮಗನ್ನ ಕಾವಲಿಗೆ ನಿಲ್ಲಿಸಿದಳು. ಬೋರಲಿಂಗ ಧೂಳು ಕಂಡ. ಕಂಬಳಿ ಸುತ್ತಿದ, ಬಿಗಿಯಾಗಿ ಕಟ್ಟಿದ. ಗುಡುಗುಡು ಹೋಗಿ ಕೆಮ್ಮು ಬಂತು, ಕೆಮ್ಮಿನ ಹಿಂದೆ ಹೊಗೆ ಬಂತು.

ಅವ್ವ ಎದ್ದುಬಿದ್ದು ಓಡಿಬಂದಳು. "ಉಸಿರು ಕಟ್ಟೈತೆ ಕಣೋ ಬೆಪ್ಪೆ! ಹಿಂಗೆ ಏದುಸಿರು ಬಿಡ್ತಿದ್ದರೆ ಸುತ್ತಿರೋದನ್ನೆಲ್ಲ ಬಿಚ್ಚಿ ಹಾಕಬೇಕು!"

ಬಿಚ್ಚಿದ. ಜನರೇಟರ್ ಉಸಿರಾಡಿತು, ಮೈಕು ಮಾತಾಡಿತು. ಚಿಕ್ಕತಾಯಮ್ಮ ಇದ್ದಲ್ಲೇ ಮಾದಪ್ಪನಿಗೆ ಕೈ ಮುಗಿದಳು.

ವೇದಿಕೆ ಮೇಲೆ ಗುರುಮಲ್ಲಪ್ಪನವರಿಗೆ ಸನ್ಮಾನ. ತಲೆಗೆ ಪೇಟ ಇಟ್ಟರು, ಮೈಗೆ ಶಾಲು ಹೊದಿಸಿದರು, ಮೂಗಿನವರೆಗೂ ಹಾರ ಹಾಕಿದರು. ಮೇಲೆ ಸುಡುಬಿಸಿಲು. ಭಾಷಣ ಶುರುಮಾಡಿದರೋ ಇಲ್ಲವೋ, ಏದುಸಿರು ಬಂತು. ಮೈಕಲ್ಲಿ ಅದು ಊರಿಗೆಲ್ಲ ಕೇಳಿಸಿತು.

"ಅವ್ವಾ, ಉಸಿರು ಕಟ್ಟೈತೆ!"

ಬೋರಲಿಂಗ ಒಂದೇ ನೆಗೆತಕ್ಕೆ ವೇದಿಕೆ ಹತ್ತಿದ. ಹಾರ ಕಿತ್ತ. ಶಾಲು ಎಳೆದ. ಪೇಟ ತೆಗೆದ. ಸುತ್ತಿರೋದು ಇನ್ನೇನಿದೆ ಅಂತ ನೋಡಿ ಪಂಚೆಗೆ ಕೈ ಹಾಕಿದ.

ಗುರುಮಲ್ಲಪ್ಪನವರು ಎರಡೂ ಕೈಲಿ ಪಂಚೆ ಹಿಡ್ಕೊಂಡು ಅವನ ಮುಖ ನೋಡಿದರು. ಅವರ ಹೊಟ್ಟೆ ಮೆಲ್ಲಗೆ ಕುಣೀತು. ಆಮೇಲೆ ನಕ್ಕರು ನೋಡಿ, ಕಣ್ಣಲ್ಲಿ ನೀರು ಸುರಿಯೋ ಹಂಗೆ ನಕ್ಕರು. ಹೆಂಡತಿ ಮುಂದಿನ ಸಾಲಲ್ಲಿ ಬಾಯಿಬಿಟ್ಟುಕೊಂಡು ಕೂತಿದ್ದೋಳು ತಾನೂ ನಕ್ಕಳು. ಕೂಟಕ್ಕೆ ಕೂಟವೇ ಬಿದ್ದು ಬಿದ್ದು ನಕ್ಕಿತು.

ಚಿಕ್ಕತಾಯಮ್ಮ ಒಬ್ಬಳೇ ಅಳ್ತಿದ್ದಳು. "ಬಿಚ್ಚಿದ್ದನ್ನೆಲ್ಲ ಮತ್ತೆ ಸುತ್ಲಾ, ಹಾಳಾದೋನೆ!"

"ಬಯ್ಯಬೇಡಮ್ಮ," ಅಂದರು ಗುರುಮಲ್ಲಪ್ಪನವರು ನಗ್ತಾ ನಗ್ತಾ. "ಇನ್ಮೇಲೆ ಪ್ರತೀ ವಾರ ನಿನ್ನ ಸೆಟ್ಟೇ. ಇವನನ್ನ ಮಾತ್ರ ಬಿಟ್ಟು ಬರಬೇಡ."

ಅಷ್ಟರಲ್ಲಿ ಮೈಕ್ ಸತ್ತೇಹೋಗಿತ್ತು. ನಗೋ ಗದ್ದಲದಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ. ಅವ್ವನಿಗೆ ಗೊತ್ತಾಯ್ತು. ಓಡಿದಳು.

ಬೋರಲಿಂಗ ಅವ್ವನ ಮಾತು ಮೀರಿರಲಿಲ್ಲ. ಮೊದಲು ಬಿಚ್ಚಿದ್ದು ಕಂಬಳಿ, ಮೊದಲು ಕಂಬಳೀನೇ ಮತ್ತೆ ಜನರೇಟರಿಗೆ ಸುತ್ತಿದ್ದ. ಇನ್ನು ಶಾಲು, ಹಾರ, ಪೇಟ. ಮಾಸ್ತರು ನಕ್ಕೂ ನಕ್ಕೂ ಇನ್ನೂ ಏದುಸಿರು ಬಿಡ್ತಿದ್ದರು, ಅವರಿಗೆ ಸುತ್ತೋ ಹಂಗಿಲ್ಲವಲ್ಲ. ಜನರೇಟರಿಗೇ ಶಾಲು ಹೊದಿಸಿ, ಹಾರ ಹಾಕಿ, ಪೇಟ ಇಟ್ಟು, ಎದುರಿಗೆ ಕೈ ಮುಗಿದು ನಿಂತಿದ್ದ.