ಸುಳಿಗೋಣ ಬರೆದವನು

“ಗುರುಗಳೇ, ಯಾರ ಕೈಕೆಳಗೂ ಇರದೆ, ಇಲ್ಲದ ಲೋಕದ ಚಿತ್ರಗಳನ್ನೇ ಬರೆಯುತ್ತ ಬದುಕಲು ಸಾಧ್ಯವೇ?”

ಕೇಳಿದವಳು ಶಾಂಭವಿ. ಹಿಂದೆ ಅವಳು ಗುರುಗಳ ಬಳಿ ಚಿತ್ರಕಲೆ ಕಲಿತಿದ್ದಳು. ಜಾಹೀರಾತು ಕಂಪನಿಯೊಂದರ ನೌಕರಿ ಬಿಟ್ಟು, ಈಗ ಮನೆಯಲ್ಲೇ ಕುಳಿತು, ಮಕ್ಕಳ ಪುಸ್ತಕಗಳಿಗೂ ಕಂಪ್ಯೂಟರ್ ಆಟಗಳಿಗೂ ರೆಕ್ಕೆಯ ಕುದುರೆ, ಬೆಂಕಿಯುಗುಳುವ ಹಾವು ಬರೆದುಕೊಡುತ್ತಿದ್ದಳು. ಕೆಲಸ ಒಮ್ಮೆ ಬರುತ್ತಿತ್ತು, ಒಮ್ಮೆ ಬರುತ್ತಿರಲಿಲ್ಲ. ಇತ್ತೀಚೆಗೆ ಹಳೆಯ ಕಂಪನಿಯವರು ಅವಳನ್ನು ಮತ್ತೆ ಕರೆದಿದ್ದರು. ಅದೇ ಹೊತ್ತಿಗೆ, ಅವಳು ಬರೆದ ಒಂದು ಪ್ರಾಣಿಯನ್ನು ಯಾರೋ ಕೇಳದೆ ತೆಗೆದುಕೊಂಡು, ಅಂಗಿಗಳ ಮೇಲೆ ಅಚ್ಚು ಹಾಕಿಸಿ ಮಾರುತ್ತಿರುವುದು ಅವಳ ಕಣ್ಣಿಗೆ ಬಿದ್ದಿತ್ತು. ಇದಿಷ್ಟನ್ನೂ ಹೇಳಿ, ತಾನು ಯಾವ ಕಡೆ ಹೋಗಬೇಕೆಂದು ಕೇಳಿದಳು.

ಗುರುಗಳು ಕೈಯಲ್ಲಿದ್ದ ಕುಂಚವನ್ನು ತೊಳೆದಿಟ್ಟರು. “ಕುಳಿತುಕೋ ತಾಯಿ” ಎಂದು ಈ ಕತೆ ಹೇಳಿದರು.

ಒಂದು ರಾಜ್ಯದ ಅರಮನೆಯಲ್ಲಿ ಚಿತ್ರಶಾಲೆಯಿತ್ತು. ಅಲ್ಲಿ ಒಬ್ಬ ಚಿತ್ರಗಾರನಿದ್ದ. ರಾಜರ ಚಿತ್ರಗಳ ಸುತ್ತ ಬಳ್ಳಿಯ ಅಂಚು ಬರೆಯುವುದು ಅವನ ಕೆಲಸ. ರಾಜನ ಮುಖ ಬರೆಯುವವನು ಬೇರೆ, ಕುದುರೆ ಬರೆಯುವವನು ಬೇರೆ. ಇವನು ಎಲೆ ಬರೆಯುತ್ತಿದ್ದ, ಹೂ ಬರೆಯುತ್ತಿದ್ದ, ಮತ್ತೆ ಎಲೆ ಬರೆಯುತ್ತಿದ್ದ. ಊಟ ಬಟ್ಟೆಗೆ ಕೊರತೆಯಿರಲಿಲ್ಲ. ಬಿಡುವು ಸಿಕ್ಕಾಗ ಮಾತ್ರ, ಹಾಳಾದ ಕಾಗದದ ಮೇಲೆ, ಯಾರೂ ಕಾಣದ ಪ್ರಾಣಿಗಳನ್ನು ಬರೆದು ನೋಡುತ್ತಿದ್ದ. ಆಗ ಅವನಿಗೆ ಹಸಿವು ನಿದ್ದೆಗಳ ನೆನಪೇ ಇರುತ್ತಿರಲಿಲ್ಲ.

ಒಮ್ಮೆ ಅವನು ಬರೆದ ಬಳ್ಳಿಯ ನಡುವೆ ಒಂದು ಪುಟ್ಟ ಮುಖ ಇಣುಕಿತು. ಅದು ಬೆಕ್ಕಿನದಲ್ಲ, ಮಂಗನದಲ್ಲ. ಬೇಕೆಂದು ಬರೆದದ್ದೂ ಅಲ್ಲ, ಕೈ ತಾನಾಗಿ ಬರೆದಿತ್ತು. ಚಿತ್ರಶಾಲೆಯ ಮುಖ್ಯಸ್ಥ ಅದನ್ನು ಕಂಡ. ಅವನು ಸಿಟ್ಟಾಗಲಿಲ್ಲ. ಚೆನ್ನಾಗಿದೆ, ಆದರೆ ಅರಮನೆಗೆ ಇದು ಬೇಕಾಗಿಲ್ಲ ಎಂದು ಹೇಳಿ, ಚಾಕುವಿನಿಂದ ಕೆರೆದು ಅಲ್ಲೊಂದು ಎಲೆ ಬರೆಸಿದ. ಎಲೆ ಬರೆಯುವಾಗ ಚಿತ್ರಗಾರನಿಗೆ ತಾನು ಇಲ್ಲಿ ಇನ್ನು ಇರಲಾರೆ ಅನ್ನಿಸಿತು. ಆ ತಿಂಗಳು ಮುಗಿಯುವ ಮೊದಲೇ ಅಪ್ಪಣೆ ಪಡೆದು ಹೊರಬಂದ.

ಅವನೂ ಅವನ ಹೆಂಡತಿಯೂ ಪೇಟೆಬೀದಿಯಲ್ಲಿ ಜಗುಲಿಯಿರುವ ಒಂದು ಸಣ್ಣ ಮನೆ ಹಿಡಿದರು. ಹೆಂಡತಿ ಹೂ ಕಟ್ಟಿ ಮಾರುತ್ತಿದ್ದಳು. ಅವನು ಜಗುಲಿಯ ಗೋಡೆಗೆ ತನ್ನ ಪ್ರಾಣಿಗಳನ್ನೆಲ್ಲ ತೂಗುಹಾಕಿದ. ಹಾರುವ ಹಂದಿಯಿತ್ತು, ನವಿಲಿನ ಗರಿಯ ಹುಲಿಯಿತ್ತು. ಹೋಗಿಬರುವವರು ನಿಂತು ನೋಡಿದರು, ನಕ್ಕರು, ಹೊರಟರು. ಇದು ಯಾವುದಕ್ಕೆ ಎಂದು ಕೆಲವರು ಕೇಳಿಯೂ ಹೋದರು.

ಮೊದಲು ಬಂದವನು ಒಬ್ಬ ಎಣ್ಣೆ ವ್ಯಾಪಾರಿ. ತನ್ನ ಅಂಗಡಿಯ ಬಾಗಿಲಿಗೆ ಒಂದು ಎತ್ತು ಬರೆಯಬೇಕೆಂದ. ಚಿತ್ರಗಾರ ಎತ್ತು ಬರೆದ. ಅದಕ್ಕೆ ಎರಡು ರೆಕ್ಕೆಗಳನ್ನೂ ಬರೆದ. ವ್ಯಾಪಾರಿ ಬಹಳ ಹೊತ್ತು ನೋಡಿದ.

“ಹಾರುವ ಎತ್ತು ಗಾಣ ತಿರುಗಿಸುತ್ತದೆಯೇನಪ್ಪಾ?” ಎಂದು ಕೇಳಿದ.

ಚಿತ್ರಗಾರ ರೆಕ್ಕೆಗಳನ್ನು ಅಳಿಸಿದ. ಮನಸ್ಸಿಗೆ ನೋವಾಯಿತು. ಆದರೆ ಮನೆಗೆ ಬಂದ ಮೇಲೂ ಆ ಮಾತು ಅವನನ್ನು ಬಿಡಲಿಲ್ಲ. ರೆಕ್ಕೆ ಎತ್ತಿಗೆ ಬೇಕಾಗಿತ್ತೇ, ತನಗೆ ಬೇಕಾಗಿತ್ತೇ ಎಂದು ಯೋಚಿಸಿದ. ಗೋಡೆಯ ಮೇಲಿನ ಹಂದಿಯನ್ನು ನೋಡಿದ. ಆ ರೆಕ್ಕೆಗಳು ಬೆನ್ನಿಗೆ ಅಂಟಿಸಿದಂತೆ ಕಂಡವು. ಅವು ಆ ಮೈಯನ್ನು ಎತ್ತಲಾರವು.

ಅಂದಿನಿಂದ ಅವನು ಪ್ರಾಣಿಗಳನ್ನು ನೋಡಲು ಹೊರಟ. ಹದ್ದು ಗಾಳಿಗೆ ಎದೆ ಕೊಡುವುದನ್ನು ಬಯಲಿನಲ್ಲಿ ಕುಳಿತು ನೋಡಿದ. ಎತ್ತು ಏರು ಹತ್ತುವಾಗ ಅದರ ಭುಜ ಎಲ್ಲಿ ಉಬ್ಬುತ್ತದೆ ಎಂದು ಗಾಡಿಯ ಪಕ್ಕದಲ್ಲೇ ನಡೆದು ನೋಡಿದ. ಓತಿಕ್ಯಾತವನ್ನು ನೋಡುತ್ತ ಬಿಸಿಲಲ್ಲಿ ನಿಂತು ಒಮ್ಮೆ ತಲೆ ಸುತ್ತಿ ಬಿದ್ದ. ಹೊಟ್ಟೆಪಾಡಿಗೆ ಜನ ಹೇಳಿದ್ದನ್ನು ಬರೆದ. ತೊಟ್ಟಿಲಿಗೆ ಗಿಳಿ ಬರೆದ, ಮದುವೆಮನೆಯ ಗೋಡೆಗೆ ಆನೆ ಬರೆದ. ಅವುಗಳನ್ನು ಕೀಳೆಂದು ತಿಳಿಯಲಿಲ್ಲ. ಗಿಳಿ ಬರೆಯುವಾಗ ಗಿಳಿಯ ಕಾಲು ಕಲಿತ.

ಹೀಗೆ ಕೆಲವು ವರ್ಷ ಹೋದವು. ಅರಮನೆಗೆ ಹಿಂದಿರುಗಿ ಎಂದು ಹೆಂಡತಿ ಹೇಳಲಿಲ್ಲ. ಆದರೆ ಒಂದು ಮಳೆಗಾಲದಲ್ಲಿ ಹೂವಿನ ವ್ಯಾಪಾರವೂ ನಿಂತಾಗ, ಈ ಗೋಡೆಯ ಮೇಲಿರುವವರಲ್ಲಿ ಒಬ್ಬರಾದರೂ ದುಡಿದು ತರಬಾರದೇ ಎಂದಳು. ಅವನು ನಗಲು ಹೋದ, ನಗು ಬರಲಿಲ್ಲ. ನಾಳೆ ಅರಮನೆಗೆ ಹೋಗಿ ಕೇಳುತ್ತೇನೆ ಎಂದ.

ಮರುದಿನ ಅವನು ಹೊರಡುವ ಮೊದಲೇ ಜಗುಲಿಗೆ ಒಬ್ಬ ಅಂಬಿಗ ಬಂದ. ಊರಾಚೆಯ ಹೊಳೆಯಲ್ಲಿ ದೋಣಿ ನಡೆಸುವವನು. ಆ ಹೊಳೆ ತಿರುಗುವ ಜಾಗದಲ್ಲಿ ಒಂದು ದೊಡ್ಡ ಸುಳಿಯಿತ್ತು. ಹಿಂದಿನ ವರ್ಷ ಅವನ ತಮ್ಮನ ದೋಣಿ ಅಲ್ಲಿ ಮಗುಚಿತ್ತು. ತಮ್ಮ ಮರಳಲಿಲ್ಲ. ಆಮೇಲೆ ಸುಳಿಯ ಹತ್ತಿರ ಬಂದಾಗಲೆಲ್ಲ ಅಂಬಿಗನ ಕೈ ಸಡಿಲವಾಗುತ್ತಿತ್ತು. ಕುಳಿತ ಜನರಿಗೆ ಅದು ಗೊತ್ತಾಗತೊಡಗಿತ್ತು. ಅವರು ಬಳಸುದಾರಿಯಲ್ಲಿ ನಡೆದೇ ಹೋಗುತ್ತಿದ್ದರು. ದೋಣಿಯ ಮೂತಿಗೆ ಏನಾದರೂ ಬರೆದುಕೊಡಬೇಕೆಂದು ಅವನು ಕೇಳಿಕೊಂಡ. ಚಿತ್ರಗಾರ ಸಿಂಹ ಬರೆಯಲೇ ಎಂದ. ಅಂಬಿಗ ಬೇಡವೆಂದು ತಲೆಯಾಡಿಸಿದ.

“ಸಿಂಹ ನೀರು ಕಂಡರೆ ಹಿಂದೆ ಸರಿಯುತ್ತದೆ. ಆ ಸುಳಿಗೆ ಹೆದರದ ಪ್ರಾಣಿ ನನಗೆ ತಿಳಿದಂತೆ ಒಂದೂ ಇಲ್ಲ ಸ್ವಾಮಿ. ನೀವೇ ಒಂದನ್ನು ಮಾಡಿಕೊಡಿ.”

ಇಷ್ಟು ವರ್ಷ ಚಿತ್ರಗಾರ ಯಾರೂ ಕೇಳದ ಪ್ರಾಣಿಗಳನ್ನು ಬರೆದಿದ್ದ. ಈಗ ಒಬ್ಬ ಬಂದು, ಇಲ್ಲದ ಪ್ರಾಣಿಯೇ ಬೇಕೆಂದು ಕೇಳುತ್ತಿದ್ದಾನೆ. ಗೋಡೆಯ ಮೇಲಿನ ಚಿತ್ರಗಳನ್ನು ಒಂದೊಂದಾಗಿ ಇಳಿಸಿ ನೋಡಿದ. ಯಾವುದೂ ಆಗಿಬರಲಿಲ್ಲ. ಅರಮನೆಯ ದಾರಿ ಬಿಟ್ಟು ಅಂಬಿಗನ ಹಿಂದೆ ಹೊಳೆಗೆ ಹೋದ.

ದೋಣಿಯ ಮುಂದಿನ ಹಲಗೆಯ ಮೇಲೆ ಕುಳಿತ. ಸುಳಿ ಹತ್ತಿರವಾಯಿತು. ದೋಣಿ ವಾಲಿತು. ಅವನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ. ಸುಳಿ ದಾಟಿದ ಮೇಲೆ ಹಿಂದಿರುಗಿ ನೋಡಿದರೆ ಅಂಬಿಗನೂ ಆಗತಾನೇ ಕಣ್ಣು ತೆರೆಯುತ್ತಿದ್ದ. ಬೇಕಾದ ಪ್ರಾಣಿ ಎಂಥದೆಂದು ಚಿತ್ರಗಾರನಿಗೆ ಆಗ ತಿಳಿಯಿತು.

ಅವನು ನೀರುನಾಯಿಯ ಮೈ ಬರೆದ. ಅದು ಸೆಳವಿನಲ್ಲೂ ಆಡಿಕೊಂಡಿರುತ್ತದೆ. ಕೋಣನ ಹಣೆಯನ್ನೂ ಕೊಂಬನ್ನೂ ಬರೆದ. ಯಾವ ನೀರಿಗಿಳಿದರೂ ಕೋಣ ಅವಸರಪಡುವುದಿಲ್ಲ. ಕಣ್ಣು ಮಾತ್ರ ಮೀನಿನದು. ಮೀನಿಗೆ ರೆಪ್ಪೆಯಿಲ್ಲ, ಅದು ಕಣ್ಣು ಮುಚ್ಚಲಾರದು. ಕತ್ತು ಎಲ್ಲಿ ಭುಜಕ್ಕೆ ಕೂಡಬೇಕು, ಚರ್ಮ ಎಲ್ಲಿ ಮಡಚಬೇಕು ಎಂದು ಅವನು ಯೋಚಿಸಬೇಕಾಗಲಿಲ್ಲ. ನೋಡಿದ್ದೆಲ್ಲ ಕೈಗೆ ತಾನಾಗಿ ಬಂತು.

ಹಿಂದೆ ನಿಂತು ಹುಟ್ಟು ಹಾಕುವ ಅಂಬಿಗನಿಗೆ ಮೂತಿಯ ಮೇಲಿನ ಚಿತ್ರ ಕಾಣುತ್ತಿರಲಿಲ್ಲ. ಮುಂದೆ ಒಂದು ಪ್ರಾಣಿ ಕಣ್ಣು ತೆರೆದುಕೊಂಡಿದೆ ಎಂದು ಅವನಿಗೆ ಗೊತ್ತಿತ್ತು, ಅಷ್ಟೆ. ಸುಳಿ ಬಂತು. ಅವನ ಕೈ ಸಡಿಲವಾಗಲಿಲ್ಲ. ದಡದಲ್ಲಿ ನಿಂತಿದ್ದ ಜನ ದೋಣಿ ಬರುವುದನ್ನು ನೋಡಿದರು. ಬಳಸುದಾರಿ ಹಿಡಿಯಲಿದ್ದವರು ಇಳಿದು ಬಂದು ಕುಳಿತರು. ಆ ಪ್ರಾಣಿಯನ್ನು ಸುಳಿಗೋಣ ಎಂದು ಕರೆದವರು ಅವರೇ.

ಅಲ್ಲಿಂದ ಜಗುಲಿಗೆ ಜನ ಬರತೊಡಗಿದರು. ಘಟ್ಟ ಹತ್ತುವ ಉಪ್ಪಿನ ವರ್ತಕನೊಬ್ಬ ಬಂದ, ಕತ್ತಲೆಯ ಕೋಣೆಗೆ ಹೋಗಲು ಅಂಜುವ ಮಗುವಿನ ತಾಯಿ ಬಂದಳು. ಬಂದವರಿಗೆಲ್ಲ ಅವನು ಮೊದಲು ನೀರು ಕೊಟ್ಟು ಕೂರಿಸುತ್ತಿದ್ದ. ಏನು ಬರೆಯಲಿ ಎಂದು ಕೇಳುತ್ತಿರಲಿಲ್ಲ, ಏನಾಗಿದೆ ಎಂದು ಕೇಳುತ್ತಿದ್ದ. ಎಲ್ಲ ಕೆಲಸವೂ ಚೆನ್ನಾಗಿ ಆಗಲಿಲ್ಲ. ಉಪ್ಪಿನ ವರ್ತಕ ತನ್ನ ಪ್ರಾಣಿಯನ್ನು ಒಪ್ಪದೆ ಹೋದ, ಆಮೇಲೆ ತಿರುಗಿ ಬರಲಿಲ್ಲ. ಕೆಲಸವಿಲ್ಲದ ತಿಂಗಳುಗಳು ಆಮೇಲೂ ಇದ್ದವು. ಆದರೆ ಆ ತಿಂಗಳುಗಳಲ್ಲಿ ಅವನಿಗೆ ಮೊದಲಿನಂತೆ ಭಯವಾಗುತ್ತಿರಲಿಲ್ಲ. ಬಯಲಿಗೆ ಹೋಗಿ ಹದ್ದು ನೋಡುತ್ತಿದ್ದ.

ಒಂದು ದಿನ ಚಿತ್ರಶಾಲೆಯ ಮುಖ್ಯಸ್ಥನೇ ಜಗುಲಿಗೆ ಬಂದ. ಮುದುಕನಾಗಿದ್ದ. ಅರಮನೆಯಲ್ಲಿ ಈಗ ವಿಚಿತ್ರ ಪ್ರಾಣಿಗಳ ಒಂದು ಮಂಟಪ ಕಟ್ಟುತ್ತಿದ್ದಾರೆ, ಬಂದು ಅಲ್ಲೇ ಇದ್ದುಬಿಡು, ನಿನಗೆ ಬೇಕಾದ್ದು ಬರೆ ಎಂದ. ಚಿತ್ರಗಾರ ಅವನ ಕಾಲು ಮುಟ್ಟಿ ನಮಸ್ಕರಿಸಿದ.

“ಮಂಟಪಕ್ಕೆ ಬರೆದುಕೊಡುತ್ತೇನೆ ಸ್ವಾಮಿ, ಆದರೆ ಸಂಜೆ ಮನೆಗೆ ಬರುತ್ತೇನೆ. ನಾನು ಅಲ್ಲೇ ಉಳಿದರೆ ಈ ಜಗುಲಿಗೆ ಬಂದವರು ಯಾರನ್ನು ಕೇಳಬೇಕು?”

ಮುಖ್ಯಸ್ಥ ಒಪ್ಪಿದ. ಹೀಗೆ ಅರಮನೆಯೂ ಅವನ ಗಿರಾಕಿಗಳಲ್ಲಿ ಒಂದಾಯಿತು.

ಕಾಲ ಕಳೆಯಿತು. ಅವನ ಗಡ್ಡ ಬೆಳ್ಳಗಾಯಿತು. ಒಮ್ಮೆ ನೆಂಟರ ಮನೆಗೆಂದು, ಅದೇ ಹೊಳೆಯ ಕೆಳಗಿನ ಪಾತ್ರದಲ್ಲಿರುವ ದೂರದ ಊರಿಗೆ ಹೋದ. ಅಲ್ಲಿ ಒಂದು ಮನೆಯ ಬಾಗಿಲ ಮೇಲೆ ಸುಳಿಗೋಣವನ್ನು ಕಂಡು ನಿಂತ. ಅವನು ಬರೆದದ್ದಲ್ಲ. ಮುಂದಿನ ಮನೆಯಲ್ಲೂ ಇತ್ತು. ಕೌದಿಯ ಮೇಲೆ ಹೊಲಿದಿದ್ದರು, ಮಡಕೆಯ ಮೇಲೆ ಗೀರಿದ್ದರು. ತನ್ನನ್ನು ಯಾರೂ ಕೇಳಿರಲಿಲ್ಲ. ಅವನಿಗೆ ಸಿಟ್ಟು ಬಂತು. ಯಾರು ಬರೆದವರೆಂದು ವಿಚಾರಿಸಿ ಜಗಳವಾಡಬೇಕೆಂದೇ ಮುಂದೆ ನಡೆದ.

ಬೀದಿಯ ಕೊನೆಯ ಬಾಗಿಲಿನ ಮೇಲೆ ಇದ್ದ ಸುಳಿಗೋಣದ ಪಕ್ಕದಲ್ಲಿ ಒಂದು ಕರು ಇತ್ತು. ಕೊಂಬು ಇನ್ನೂ ಮೂಡಿರಲಿಲ್ಲ. ತಾಯಿಯ ಹೊಟ್ಟೆಗೆ ಒತ್ತಿಕೊಂಡು, ಅದೂ ಕಣ್ಣು ತೆರೆದುಕೊಂಡಿತ್ತು. ಕರು ಬರೆಯಬೇಕೆಂದು ಅವನಿಗೆ ಎಂದೂ ಹೊಳೆದಿರಲಿಲ್ಲ. ಅವನು ಬಾಗಿಲಿನ ಮುಂದೆ ಬಹಳ ಹೊತ್ತು ನಿಂತ. ಒಳಗಿನಿಂದ ಒಬ್ಬ ಅಜ್ಜಿ ಬಂದು, ಏನು ಬೇಕಪ್ಪಾ ಎಂದಳು. ಈ ಪ್ರಾಣಿಯನ್ನು ಮೊದಲು ಮಾಡಿದವರು ಯಾರು ಗೊತ್ತೇ ಎಂದು ಅವನು ಕೇಳಿದ.

“ಮಾಡುವುದೇನು ಬಂತು? ಅದು ಹೊಳೆಯಲ್ಲಿರುವುದಪ್ಪಾ. ಮೊನ್ನೆ ನೆರೆ ಬಂದಾಗ ಕರುವಿನ ಜೊತೆ ಕಂಡವರಿದ್ದಾರೆ” ಎಂದಳು ಅಜ್ಜಿ. ಬಿಸಿಲಲ್ಲಿ ನಿಂತಿದ್ದಾನೆಂದು ಅವನಿಗೆ ಒಂದು ಲೋಟ ಮಜ್ಜಿಗೆಯನ್ನೂ ಕೊಟ್ಟಳು.

ಅವನು ಮಜ್ಜಿಗೆ ಕುಡಿದ. ಕರುವನ್ನು ಇನ್ನೊಮ್ಮೆ ನೋಡಿದ. ಬರೆದವನ ಹೆಸರು ಕೇಳದೆ ಹೊರಟುಬಂದ. ದಾರಿಯುದ್ದಕ್ಕೂ ಅವನಷ್ಟಕ್ಕೆ ಅವನು ನಗುತ್ತಿದ್ದನಂತೆ.

ಮನೆಗೆ ಬಂದವನು, ಹೂ ಕಟ್ಟುತ್ತಿದ್ದ ಹೆಂಡತಿಗೆ, ಸುಳಿಗೋಣಕ್ಕೆ ಕರು ಹುಟ್ಟಿದೆ ಎಂದ. ಅವಳು ದಾರ ಹಿಡಿದೇ ತಲೆಯೆತ್ತಿ, ಕೋಣಕ್ಕೆ ಕರುವೇ ಎಂದಳು. ನನಗೂ ಆಶ್ಚರ್ಯವಾಯಿತು, ಆದರೆ ಚೆನ್ನಾಗಿದೆ, ಕಣ್ಣು ತಾಯಿಯದೇ ಎಂದ ಅವನು. ಇಬ್ಬರೂ ನಕ್ಕರು. ಆಮೇಲೆ ಅವನು ಕೈಕಾಲು ತೊಳೆದು ಬಣ್ಣ ಅರೆಯಲು ಕುಳಿತ. ಜಗುಲಿಯಲ್ಲಿ ಯಾರೋ ಕಾಯುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು.

ಚಿತ್ರಗಾರನ ಬಾಳು ಚೆನ್ನಾಗಿಯೇ ಕಳೆಯಿತೆಂದು ಶಾಂಭವಿಗೆ ಅನ್ನಿಸಿತು. ಆದರೂ ಒಂದು ಮಾತು ಉಳಿದಿತ್ತು. “ಗುರುಗಳೇ, ಅಷ್ಟು ಬರೆದ ಆ ಚಿತ್ರಗಾರನ ಹೆಸರೇನು?” ಎಂದು ಕೇಳಿದಳು.

“ಅದು ನನಗೆ ತಿಳಿಯದು ತಾಯಿ, ಸುಳಿಗೋಣವನ್ನು ಮಾತ್ರ ನಮ್ಮಜ್ಜ ಹೊಳೆಯಲ್ಲಿ ಕಣ್ಣಾರೆ ಕಂಡಿದ್ದರು” ಎಂದರು ಗುರುಗಳು.