ಹೆಗ್ಗೋಟೆಯ ಹೆಬ್ಬೆಟ್ಟು

"ಕೇಳಿರಪ್ಪೋ ಕೇಳಿ! ನಮ್ಮ ದೊರೆ ಮೂರು ಒಗಟು ಹಾಕುತ್ತಾರೆ. ಮೂರರ ಉತ್ತರದಲ್ಲೂ ಹೆಸರಿನ ಮೊದಲಿಗೇ 'ಹಿರಿದು' ಅನ್ನುವ ಮಾತು ಅಂಟಿರಬೇಕು. ಬಾಯಲ್ಲಿ ಹೇಳಿದರೆ ಸಾಲದು, ತೋರಿಸಬೇಕು. ಗೆದ್ದವನಿಗೆ ಅರ್ಧ ರಾಜ್ಯ, ಸೋತವನ ತಲೆ ಸಂಜೆಗೆ ಉರುಳುತ್ತದೆ!"

ದೊರೆಗೆ ಹಿರಿದೆಂದರೆ ಪ್ರಾಣ. ಅವನ ಕೋಟೆ ಹೆಗ್ಗೋಟೆ, ಬಾಗಿಲು ಹೆಬ್ಬಾಗಿಲು, ಬೀದಿ ಹೆದ್ದಾರಿ.

ಡಂಗುರ ಕೇಳಿ ಓಡಿದವರಲ್ಲಿ ಚಾಪೆ ಹೆಣೆಯುವ ದೊಡ್ಡೀರನೂ ಒಬ್ಬ. ಸೋತು ಸೆರೆಮನೆ ಸೇರಿದ. ಸುದ್ದಿ ಮುಟ್ಟಿದ್ದೇ ತಡ, ತಮ್ಮ ಸಣ್ಣೀರ ಅರ್ಧ ಹೆಣೆದ ಚಾಪೆ ಬಿಟ್ಟು ದೊರೆಯ ಸಭೆಗೆ ಬಂದ. ತಬ್ಬಲಿ ಸಣ್ಣೀರನನ್ನು ಸಾಕಿದವನು ಆ ಅಣ್ಣನೇ.

"ಐವರಲ್ಲಿ ಮೋಟ, ಹೆಸರಿಗೆ ಮಾತ್ರ ಭಾರೀ ಆಳು. ಯಾರವನು?" ಎಂದ ದೊರೆ.

"ಪಾಂಡವರಲ್ಲಿ ಭೀಮ, ಪ್ರಭು" ಎಂದನೊಬ್ಬ ಪಂಡಿತ. ಭೀಮ ಮೋಟನಾದದ್ದು ಯಾವ ಭಾರತದಲ್ಲೋ! ಅವನನ್ನು ಭಟರು ಎಳೆದೊಯ್ದರು. "ಹೆಬ್ಬಂಡೆ" ಎಂದ ಪಾಳೆಯಗಾರನೂ ಹಿಂದೆಯೇ ಹೋದ.

ಸಣ್ಣೀರ ಮುಂದೆ ಬಂದ.

"ಓದು ಬರುತ್ತೇನೋ?" ಎಂದ ಮಂತ್ರಿ.

"ಇಲ್ಲ ಬುದ್ಧಿ."

"ಈ ಹೆಬ್ಬೆಟ್ಟು ಏನು ಹೇಳೀತು!"

ಸಭೆ ನಕ್ಕಿತು. ಸಣ್ಣೀರ ತನ್ನ ಕೈ ನೋಡಿಕೊಂಡ. "ಮಂತ್ರಿಗೋಳೇ ಹೇಳ್ಬುಟ್ರಲ್ಲ ಬುದ್ಧಿ" ಎಂದು ಹೆಬ್ಬೆಟ್ಟು ಎತ್ತಿ ತೋರಿಸಿದ. ನಗು ನಿಂತಿತು.

ದೊರೆ ಎರಡನೆಯ ಒಗಟು ಹಾಕಿದ: "ಉಫ್ ಎಂದರೆ ಹಾರಿಹೋಗುವಷ್ಟು ಹಗುರ. ಆದರೂ ನನ್ನ ಪಟ್ಟದಾನೆಯನ್ನೇ ಓಡಿಸಿತು. ಏನದು?"

ಸಣ್ಣೀರ ಉಪ್ಪರಿಗೆಯ ಸೂರಿನಡಿ ಕರ್ರಗೆ ತೂಗುತ್ತಿದ್ದ ಗೂಡು ತೋರಿಸಿದ. "ಹೆಜ್ಜೇನು ಬುದ್ಧಿ."

ದೊರೆಯ ಮುಖ ಬಿಗಿಯಿತು. "ಹೊತ್ತವನಿಗೆ ಭಾರ ತಿಳಿಯದು, ಪಕ್ಕದವರಿಗೆ ತಡೆಯಲಾಗದು. ಏನದು? ತೋರಿಸು."

ಉತ್ತರ ನಾಲಿಗೆಯ ತುದಿಗೇ ಬಂತು: ಹೆಮ್ಮೆ. ತೋರಿಸುವುದೆಲ್ಲಿ? ಎದುರಿಗೇ, ಸಿಂಹಾಸನದ ಮೇಲೆ ಕೂತಿತ್ತು. ಬೆರಳು ಅತ್ತ ಎತ್ತಿದರೆ ತಲೆ ಈಗಲೇ ಹೋಗುತ್ತದೆ. ಸುಮ್ಮನಿದ್ದರೆ ಅಣ್ಣ ಉಳಿಯುವುದಿಲ್ಲ. ಹೊತ್ತು ಇಳಿಯುತ್ತಿತ್ತು. ಭಟ ಕತ್ತಿಯ ಹಿಡಿ ಮುಟ್ಟಿದ.

ಸಣ್ಣೀರ ಹೆಬ್ಬೆಟ್ಟನ್ನು ತನ್ನ ಎದೆಗೇ ಒತ್ತಿಕೊಂಡ. "ಹೆಮ್ಮೆ ಬುದ್ಧಿ. ಇಲ್ಲೇ ಅದೆ. ಎರಡು ಗೆದ್ದೆ ಅಂತ ಈಗ ತಾನೆ ಹತ್ತಿ ಕೂತ್ಕತು. ಒಳಗೆ ನಮ್ಮಣ್ಣ ಸಾಯಾಕೆ ಕಾಯ್ತಾ ಅವ್ನೆ ಅನ್ನೋದೇ ಒಂದು ಗಳಿಗೆ ಮರ್ತೋಯ್ತು." ಅಷ್ಟು ಹೇಳಿ ಅತ್ತುಬಿಟ್ಟ.

ದೊರೆಯ ಕೈ ತಾನಾಗಿ ಕಿರೀಟಕ್ಕೆ ಹೋಯಿತು. ಅದರ ಭಾರ ಅವನಿಗೆ ತಿಳಿದದ್ದೇ ಅವತ್ತು.

"ಹೆಬ್ಬೆಟ್ಟಿಲ್ಲದೆ ಉಳಿದ ನಾಲ್ಕು ಬೆರಳು ಏನನ್ನೂ ಹಿಡಿಯಲಾರವು. ಹೆಜ್ಜೇನು ಒಂಟಿಯಾಗಿ ಮೇಲೆ ಬೀಳುವುದಿಲ್ಲ. ಅವಕ್ಕೆ ಹಿರಿಯ ಹೆಸರು ಸಲ್ಲುತ್ತದೆ. ಮೂರನೆಯದು ನಾವೇ ಹೊತ್ತುಕೊಂಡದ್ದು" ಎಂದ ಕೊನೆಗೆ. "ಅರ್ಧ ರಾಜ್ಯ ನಿನ್ನದು."

"ಅರ್ಧ ರಾಜ್ಯ ಬ್ಯಾಡಿ ಬುದ್ಧಿ. ನಮ್ಮಣ್ಣನ ಇಡೀ ತಲೆ ಕೊಡಿ. ಒಳಗಿರೋ ಮಿಕ್ಕೋರ್ದೂ ಕೊಡಿ."

ಬಿಡುಗಡೆಯ ಓಲೆ ಬಂತು. ರುಜು ಹಾಕಲು ಲೇಖನಿ ಎತ್ತಿದ ದೊರೆ, ಅದನ್ನು ಕೆಳಗಿಟ್ಟು, ಮಸಿಗೆ ಬೆರಳದ್ದಿ ಹೆಬ್ಬೆಟ್ಟೊತ್ತಿದ.

ಅವತ್ತಿನಿಂದ ಹೆಗ್ಗೋಟೆಯಲ್ಲಿ ಯಾರನ್ನಾದರೂ ಹೆಬ್ಬೆಟ್ಟು ಎಂದರೆ ಅದು ಬೈಗುಳವಲ್ಲ.